ಮಂಕು ಮಗ್ಗುಲು

ಸೀಗೇನಹಳ್ಳಿ, ಬಂಗಾರಪೇಟೆ ತಾಲ್ಲೂಕು
12 ಜೂನ್ 2023

ಪೆರುಮಾಳ್ ಸಾರ್ ಅವರಿಗೆ,

ನಾನು ಕಲ್ಪನ. ನಮ್ಮ ಫೋಟೋ ಗ್ರೂಪಿನಲ್ಲಿ ಹಾಲಿನ ಕ್ಯಾನುಗಳ ಚಿತ್ರ ಹಾಕಿದ್ದವಳು. ಅದಕ್ಕೆ ಮೂವತ್ತೆಂಟು ಜನ ಸೂಪರ್ ಅಂದರು, ಹನ್ನೊಂದು ಜನ ಕೈ ಮುಗಿದರು, ಒಬ್ಬರು ಯಾಕೋ ಹುಟ್ಟುಹಬ್ಬದ ಕೇಕ್ ಹಾಕಿದರು. ನೀವೊಬ್ಬರು ಮಾತ್ರ "ಇದರಲ್ಲಿ ನೋಡಬೇಕಾದದ್ದು ಕ್ಯಾನೋ ಗೋಡೆಯೋ? ತೆಗೆದವರಿಗೇ ಗೊತ್ತಿದ್ದಂತಿಲ್ಲ" ಎಂದು ಬರೆದಿರಿ. ಅರ್ಧ ಗಂಟೆಯಲ್ಲಿ ಅಡ್ಮಿನ್ ಬಾಲಾಜಿ ನಿಮ್ಮನ್ನು ಗ್ರೂಪಿನಿಂದ ತೆಗೆದುಹಾಕಿದ. ಹೊಸಬರ ಉತ್ಸಾಹಕ್ಕೆ ತಣ್ಣೀರು ಎರಚಬಾರದಂತೆ.

ನನಗೂ ಸಿಟ್ಟು ಬಂದಿತ್ತು. ಎರಡು ದಿನ ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡೆ. ಮೂರನೆಯ ದಿನ ಚಿತ್ರವನ್ನು ಮತ್ತೆ ನೋಡಿದೆ. ಕ್ಯಾನೋ ಗೋಡೆಯೋ, ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಬಾಲಾಜಿಯನ್ನು ಕಾಡಿ ನಂಬರು ತೆಗೆದುಕೊಂಡು ಫೋನ್ ಮಾಡಿದರೆ, "ಫೋನ್ ಗಾಜಿನ ಮೇಲೆ ಇನ್ನು ಚಿತ್ರ ನೋಡೋಲ್ಲಮ್ಮ, ಕಾಗದದ ಮೇಲೆ ಕಳ್ಸು" ಅಂದು ವಿಳಾಸ ಹೇಳಿ ಇಟ್ಟುಬಿಟ್ಟಿರಿ. ಅದಕ್ಕೇ ಈ ಪತ್ರ. ಚಿತ್ರವನ್ನು ಬಂಗಾರಪೇಟೆಯಲ್ಲಿ ಪ್ರಿಂಟ್ ಹಾಕಿಸಿ ಇದರೊಂದಿಗೆ ಇಟ್ಟಿದ್ದೇನೆ.

ನಾನು ನಮ್ಮೂರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತೇನೆ. ನೀರು ಬೆರೆಸಿದ್ದರೆ, ತಂದವರ ಮುಖ ನೋಡದೆ ಹೇಳಬೇಕು. ಸ್ವಂತ ಚಿಕ್ಕಪ್ಪನಿಗೂ ಹೇಳಿದ್ದೇನೆ, ಅವರು ಆರು ತಿಂಗಳು ನಮ್ಮ ಮನೆಗೆ ಬರಲಿಲ್ಲ. ನನ್ನ ಚಿತ್ರದಲ್ಲಿ ನೀರೆಷ್ಟು ಎಂದು ಹೇಳುವವರು ನನಗೆ ಯಾರೂ ಸಿಕ್ಕಿಲ್ಲ. ನೀವು ಹೇಳುತ್ತೀರಾ?

ಇಂತಿ,
ಕಲ್ಪನ

*

ಕೋರಮಂಡಲ್, ಕೆ.ಜಿ.ಎಫ್.
24 ಜೂನ್ 2023

ಕಲ್ಪನ ಅವರಿಗೆ,

ಹೇಳುತ್ತೇನೆ. ಆದರೆ ಮೊದಲು ಕಟ್ಟುಪಾಡು. ತಿಂಗಳಿಗೆ ಒಂದೇ ಚಿತ್ರ. ನಾನೂ ಒಂದು ಕಳಿಸುತ್ತೇನೆ, ನೀವೂ ನನ್ನದನ್ನು ನೋಡಿ ಹೇಳಬೇಕು. ಸೂಪರ್, ಚೆನ್ನಾಗಿದೆ, ಈ ಎರಡು ಮಾತು ಬರೆಯಕೂಡದು. ಪ್ರತಿ ಚಿತ್ರದಲ್ಲೂ ತಪ್ಪು ಒಂದಾದರೂ ಬರೆಯಲೇಬೇಕು. ತಪ್ಪು ಸಿಗಲಿಲ್ಲ ಅಂದರೆ ನೋಡಿದ್ದು ಸಾಲದು ಎಂದರ್ಥ.

ಕ್ಯಾನುಗಳ ಚಿತ್ರ: ಎಡಗಡೆಯ ಮೂರು ಕ್ಯಾನು ಬಿಟ್ಟು ಉಳಿದದ್ದೆಲ್ಲ ದಂಡ. ಆ ಮೂರರ ಮುಚ್ಚಳದ ಮೇಲೆ ಮಾತ್ರ ಬೆಳಕು ಬಿದ್ದಿದೆ. ನೀವು ಅದನ್ನು ನೋಡಿಯೇ ಕ್ಯಾಮೆರಾ ಎತ್ತಿದ್ದೀರಿ, ಆಮೇಲೆ ಆಸೆ ಬಿದ್ದು ಎಲ್ಲವನ್ನೂ ತುಂಬಿಕೊಂಡಿದ್ದೀರಿ.

ನಾನು ಗಣಿ ಮುಚ್ಚುವವರೆಗೆ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದೆ. ಗಣಿಯ ಬಾವಿಯೊಳಕ್ಕೆ ಜನರನ್ನು ಇಳಿಸುವ, ಮೇಲೆತ್ತುವ ಯಂತ್ರ ನಡೆಸುವ ಕೆಲಸ. ಜನ ನನಗೆ ಕಾಣುತ್ತಿರಲಿಲ್ಲ. ಕೆಳಗಿನವರು ಗಂಟೆ ಬಾರಿಸುತ್ತಿದ್ದರು, ನನ್ನೆದುರು ಗಡಿಯಾರದಂಥ ತಟ್ಟೆಯ ಮೇಲೆ ಮುಳ್ಳು ಓಡುತ್ತಿತ್ತು, ಮುಳ್ಳು ಸೀಮೆಸುಣ್ಣದ ಗುರುತಿಗೆ ಬಂದಾಗ ನಿಲ್ಲಿಸಬೇಕು. ಹದಿನೆಂಟು ವರ್ಷ ಒಂದು ಸಲವೂ ಗುರುತು ತಪ್ಪಲಿಲ್ಲ. ಇದು ಜಂಬದ ಮಾತು ಅಂದುಕೊಂಡರೂ ಸರಿಯೆ.

ಇದರೊಂದಿಗೆ ನಮ್ಮ ಸೈನೈಡ್ ದಿಬ್ಬದ ಚಿತ್ರವಿದೆ. ಚಿನ್ನ ತೆಗೆದು ಉಳಿದ ಮಣ್ಣು ಸುರಿದು ಸುರಿದು ಆದ ಗುಡ್ಡ. ಮಳೆಯ ಮರುದಿನ ತೆಗೆದದ್ದು. ತಪ್ಪು ಹುಡುಕಿ.

ಪೆರುಮಾಳ್

*

ಸೀಗೇನಹಳ್ಳಿ
20 ಜುಲೈ 2023

ಸಾರ್,

ನಿಮ್ಮ ದಿಬ್ಬವನ್ನು ಡೈರಿಯ ಗೋಡೆಗೆ ಅಂಟಿಸಿಕೊಂಡು ನಾಲ್ಕು ದಿನ ನೋಡಿದೆ. ಹಾಲು ಹಾಕಲು ಬಂದವರೆಲ್ಲ ಇದು ಯಾವ ದೇಶ ಎಂದು ಕೇಳಿದರು. ಹತ್ತು ಮೈಲಿಯಾಚೆಯದು ಅಂದರೆ ನಂಬಲಿಲ್ಲ. ನೀರು ಹರಿದ ಗೆರೆ ಒಂದೊಂದೂ ಎಣಿಸುವ ಹಾಗಿದೆ. ತಪ್ಪು ಸಿಗದೆ ನನಗೆ ಹೊಟ್ಟೆಯುರಿ ಹತ್ತಿತು.

ಕೊನೆಗೆ ಸಿಕ್ಕಿತು. ಅಲ್ಲಿ ಒಂದು ನರಪಿಳ್ಳೆ ಇಲ್ಲ. ದಿಬ್ಬ ಆನೆಯಷ್ಟು ಇದೆಯೋ ಇರುವೆ ಗೂಡಿನಷ್ಟಿದೆಯೋ ಹೇಗೆ ಗೊತ್ತಾಗಬೇಕು? ಇದೊಂದೇ ಚಿತ್ರವೋ, ಇಲ್ಲ ನೀವು ಮನುಷ್ಯರನ್ನು ತೆಗೆಯುವುದೇ ಇಲ್ಲವೋ?

ನಾನು ಈ ಸಲ ನಮ್ಮ ಅಜ್ಜಿಯನ್ನೇ ಕಳಿಸುತ್ತಿದ್ದೇನೆ. ಹೆಸರು ಮುನಿರತ್ನಮ್ಮ. ಡೈರಿಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾಳೆ. ಈ ಚಿತ್ರದ ಮೇಲೆ ನನಗೆ ತುಂಬ ನಂಬಿಕೆಯಿದೆ, ಆದರೂ ನಿಮಗೆ ತೋರಿದ್ದನ್ನೇ ಬರೆಯಿರಿ.

ಕಲ್ಪನ

*

ಕೋರಮಂಡಲ್
9 ಆಗಸ್ಟ್ 2023

ಕಲ್ಪನ ಅವರಿಗೆ,

ತೋರಿದ್ದನ್ನೇ ಬರೆಯುತ್ತೇನೆ. ಇದು ಸುಳ್ಳು ಚಿತ್ರ.

ಸೆರಗು ಬಲ ಹೆಗಲ ಮೇಲಿದೆ. ಹೆಂಗಸರು ಸೆರಗು ಹಾಕುವುದು ಎಡಕ್ಕೆ. ಅಂದರೆ ನೀವು ಚಿತ್ರವನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿದ್ದೀರಿ. ಯಾಕೆಂದು ಊಹಿಸಬಲ್ಲೆ. ಮುಖ ಬಲಕ್ಕೆ ನೋಡುತ್ತಿದ್ದರೆ ಕಣ್ಣಿಗೆ ಹಿತ ಎಂದು ಯಾರೋ ವಿಡಿಯೋದಲ್ಲಿ ಹೇಳಿರುತ್ತಾರೆ. ಬೆಳಕು ಹೆಚ್ಚುಕಮ್ಮಿ ಮಾಡಿ, ಅಂಚು ಕತ್ತರಿಸಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮನುಷ್ಯರ ಎಡವನ್ನು ಬಲ ಮಾಡುವುದು ಮೋಸ. ನಿಮ್ಮ ಅಜ್ಜಿ ಇದನ್ನು ನೋಡಿದರೆ ತನ್ನನ್ನು ಗುರುತಿಸುತ್ತಾರೆಯೆ?

ಹಾಲಿಗೆ ನೀರು ಬೆರೆಸಿದವರಿಗೆ ನೀವು ಏನು ಹೇಳುತ್ತೀರೋ ಅದನ್ನೇ ನಿಮಗೂ ಹೇಳಿಕೊಳ್ಳಿ.

ಈ ತಿಂಗಳು ನಾನು ಚಿತ್ರ ಕಳಿಸುತ್ತಿಲ್ಲ.

ಪೆರುಮಾಳ್

*

ಸೀಗೇನಹಳ್ಳಿ
28 ಅಕ್ಟೋಬರ್ 2023

ಪೆರುಮಾಳ್ ಅವರಿಗೆ,

ಎರಡೂವರೆ ತಿಂಗಳು ನಾನು ಬರೆಯಲಿಲ್ಲ, ನೀವೂ ಕೇಳಲಿಲ್ಲ. ಬರೆಯುವುದೇ ಬೇಡ ಅಂದುಕೊಂಡಿದ್ದೆ. ನಿನ್ನೆ ಅಜ್ಜಿಗೆ ನಿಮ್ಮ ಪತ್ರ ಓದಿ ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಇಷ್ಟು ದಿನ ಬಚ್ಚಿಟ್ಟಿದ್ದೆ. ಅವಳು ಬಿದ್ದು ಬಿದ್ದು ನಕ್ಕಳು.

"ಎತ್ತಾಗಾಕ್ಕೊಂಡ್ರೆ ಏನಂತೆ ಆವಯ್ಯಂಗೆ? ನಮ್ಮಮ್ಮ ಇಂಗೇ ಆಕ್ಕೊಂತಿದ್ಲು, ನಮ್ಮತ್ತೇನೂ ಇಂಗೇ ಆಕ್ಕೊಂತಿದ್ಲು. ನಮ್ ಪೈಕಿ ಮುದುಕೀರೆಲ್ಲ ಬಲಸೆರಗೇ ಕಣಮ್ಮಿ. ನಿಮ್ ಕಾಲಕ್ಕೆ ಎಡಕ್ಕೋಯ್ತು. ಆವಯ್ಯನ್ನ ಒಂದ್ ಕಿತ ಕರ್ಸು, ನನ್ನೂ ತಿರುಗ್ಸಿ ನೋಡ್ಲಿ."

ಇದು ಅವಳ ಮಾತು. ನನ್ನದು ಇನ್ನೊಂದಿದೆ. ಚಿತ್ರದಲ್ಲಿ ಅಜ್ಜಿಯ ತಲೆಯ ಹಿಂದೆ ಡೈರಿಯ ಬೋರ್ಡಿನ ಅರ್ಧ ಕಾಣುತ್ತದೆ. 'ಉತ್ಪಾದಕರ' ಎಂದು ಕನ್ನಡದಲ್ಲಿ ನೆಟ್ಟಗೆ ಬರೆದಿದೆ. ಚಿತ್ರ ತಿರುಗಿಸಿದ್ದರೆ ಅಕ್ಷರವೂ ತಿರುಗಬೇಕಿತ್ತಲ್ಲ? ನೀವು ಸೆರಗು ನೋಡಿದಿರಿ, ಅಕ್ಷರ ನೋಡಲಿಲ್ಲ. ತಪ್ಪು ಸಿಕ್ಕ ಖುಷಿಯಲ್ಲಿ ನೋಡುವುದನ್ನೇ ನಿಲ್ಲಿಸಿದಿರಿ.

ನನಗೆ ನೋವಾದದ್ದು ತಪ್ಪು ಹೇಳಿದ್ದಕ್ಕಲ್ಲ, ಮೋಸ ಅಂದದ್ದಕ್ಕೆ.

ಇನ್ನು ಮುಂದೆಯೂ ಪತ್ರ ನಡೆಯಬೇಕು ಎಂದಿದ್ದರೆ ಮನುಷ್ಯರಿರುವ ಒಂದು ಚಿತ್ರ ಕಳಿಸಿ. ದಿಬ್ಬ, ಚಕ್ರ, ತುಕ್ಕು, ಬೀಗ ಇವೆಲ್ಲ ಬೇಡ.

ಕಲ್ಪನ

*

ಕೋರಮಂಡಲ್
15 ನವೆಂಬರ್ 2023

ಅಮ್ಮಾ ಕಲ್ಪನ,

ತಪ್ಪಾಯಿತು. ಇದಕ್ಕೆ ಸಬೂಬು ಬರೆಯಲು ಕೂತೆ, ಬರೆದದ್ದನ್ನು ಹರಿದು ಹಾಕಿದೆ. ನಿಮ್ಮ ಅಜ್ಜಿಯವರಿಗೂ ಹೇಳಿ. ಬೋರ್ಡಿನ ಅಕ್ಷರ ಎದುರಿಗೇ ಇತ್ತು, ನನಗೆ ಕಾಣಲಿಲ್ಲ.

ನೀವು ಕೇಳಿದ ಚಿತ್ರ ಇದರೊಂದಿಗಿದೆ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿರುವುದು ನನ್ನ ಅಮ್ಮ ಕದಿರಮ್ಮ, ಎಂಬತ್ತೆರಡು ವರ್ಷ. ಮಡಿಲಲ್ಲಿರುವುದು ನುಗ್ಗೆಸೊಪ್ಪು. ಸಂಜೆ ರೈಲು ಬರುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ, ಅಮ್ಮ ದಿನವೂ ಆಗ ಅಲ್ಲಿ ಕೂರುತ್ತಾಳೆ. ಹಿಂದೆ ಗೋಡೆಯ ಮೇಲೆ ಹಾರ ಹಾಕಿರುವ ಫೋಟೋ ನನ್ನ ತಮ್ಮ ಸೆಲ್ವರಾಜ್‌ನದು. 2003ರಲ್ಲಿ ತೀರಿಕೊಂಡ. ಅದನ್ನು ತೆಗೆದವನೂ ನಾನೆ, ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ ಕೆಂಪು ಬಲ್ಬಿನಲ್ಲಿ ಪ್ರಿಂಟ್ ಹಾಕಿದವನೂ ನಾನೆ. ಆಮೇಲೆ ನಾನು ಮನುಷ್ಯರ ಚಿತ್ರ ತೆಗೆದದ್ದು ಇದೇ ಮೊದಲು. ನೀವು ಜುಲೈನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೆ.

ಅಮ್ಮನಿಗೂ ಆ ಫೋಟೋಗೂ ಆಗಿಬರುವುದಿಲ್ಲ. ಅದು ಮನೆಯ ವಿಷಯ.

ಪೆರುಮಾಳ್

*

ಸೀಗೇನಹಳ್ಳಿ
10 ಡಿಸೆಂಬರ್ 2023

ಸಾರ್,

ಅಜ್ಜಿ ನಿಮ್ಮನ್ನು ಕ್ಷಮಿಸಿದ್ದಾಳೆ. "ಪಾಪ, ಕತ್ಲಲ್ಲಿ ಗೆಯ್ದ ಕಣ್ಣು" ಅಂದಳು. ನೀವು ಕೆಲಸ ಮಾಡಿದ್ದು ನೆಲದ ಮೇಲೆ, ಕತ್ತಲಲ್ಲಲ್ಲ ಎಂದು ನಾನು ತಿದ್ದಲಿಲ್ಲ.

ಈಗ ನಿಮ್ಮ ಚಿತ್ರ. ಅಮ್ಮನ ಕೈ, ಸೊಪ್ಪು, ಬಾಗಿಲ ಬೆಳಕು ಇವುಗಳ ಬಗ್ಗೆ ಕಟ್ಟುಪಾಡಿನ ಪ್ರಕಾರ ನಾನು ಏನೂ ಹೇಳುವಂತಿಲ್ಲ. ತಪ್ಪುಗಳನ್ನು ಹೇಳುತ್ತೇನೆ. ಒಂದು, ಕುರ್ಚಿಯ ಕಾಲು ಕತ್ತರಿಸಿ ಹೋಗಿದೆ. ಇನ್ನೊಂದು, ಅಮ್ಮ ಫೋಟೋಗೆ ಬೆನ್ನು ಹಾಕಿ ಕೂತಿದ್ದಾರೆ. ಬೇಕೆಂದೇ ಹಾಗೆ ಕೂರಿಸಿದಿರಾ, ಅವರೇ ಕೂತರಾ ಎಂದು ಗೊತ್ತಾಗುವುದಿಲ್ಲ.

ಮೂರನೆಯದನ್ನು ಹೇಳಲು ನನಗೆ ಬಹಳ ಖುಷಿ. ನಿಮ್ಮ ತಮ್ಮನವರ ಅಂಗಿಯ ಜೇಬು ಬಲ ಎದೆಯ ಮೇಲಿದೆ. ಪೆನ್ನೂ ಅಲ್ಲೇ ಇದೆ. ಡೈರಿಯಲ್ಲಿ ಭೂತಗನ್ನಡಿ ಇಟ್ಟುಕೊಂಡು ನೋಡಿದೆ. ಆಮೇಲೆ ಹಾಲು ಹಾಕಲು ಬಂದ ಗಂಡಸರ ಜೇಬುಗಳನ್ನೆಲ್ಲ ನೋಡಿದೆ, ಇಪ್ಪತ್ತಾರು ಜೇಬೂ ಎಡಕ್ಕೇ. ಗಂಡಸರ ಅಂಗಿಯ ಜೇಬು ಎಡಕ್ಕಲ್ಲವೇ ಸಾರ್? ಇಲ್ಲ, ನಮ್ಮ ಅಜ್ಜಿಯ ಸೆರಗಿನ ಹಾಗೆ ನಿಮ್ಮ ಮನೆಯಲ್ಲೂ ಬಲಜೇಬಿನ ಪದ್ಧತಿ ಇದೆಯೋ? ಸುಳ್ಳು ಚಿತ್ರ ಅನ್ನಬಹುದೋ?

ಲೆಕ್ಕ ಸಮ ಆಯಿತು ಎಂದುಕೊಂಡಿದ್ದೇನೆ.

ನಿಮ್ಮ ಶಿಷ್ಯೆ,
ಕಲ್ಪನ

*

ಕೋರಮಂಡಲ್
18 ಫೆಬ್ರವರಿ 2024

ಅಮ್ಮಾ ಕಲ್ಪನ,

ನಿನ್ನ ಕಾಗದ ಬಂದ ದಿನ ಓದಿ ನಕ್ಕೆ. ನಗುತ್ತಲೇ ತಲೆಯೆತ್ತಿ ಗೋಡೆ ನೋಡಿದೆ. ಇನ್ನು ಮುಂದೆ ನಿನ್ನನ್ನು ನೀನು ಎಂದೇ ಬರೆಯುತ್ತೇನೆ, ಈ ವಿಷಯವನ್ನು ನೀವು ಅಂತ ಹೇಳಲು ಆಗುವುದಿಲ್ಲ.

ಜೇಬು ಬಲಕ್ಕಿದೆ. ಇಪ್ಪತ್ತು ವರ್ಷ ದಿನವೂ ಅದರ ಕೆಳಗೆ ಕಾಫಿ ಕುಡಿದಿದ್ದೇನೆ.

ನೆಗೆಟಿವ್ ಬಿಸ್ಕತ್ ಡಬ್ಬದಲ್ಲಿ ಹಾಗೇ ಇತ್ತು. ಕಿಟಕಿಗೆ ಹಿಡಿದು ನೋಡಿದೆ. ಫಿಲ್ಮಿಗೆ ಒಂದು ಮಿನುಗುವ ಮಗ್ಗುಲು, ಒಂದು ಮಂಕು ಮಗ್ಗುಲು. ಪ್ರಿಂಟ್ ಹಾಕುವಾಗ ಮಂಕು ಮಗ್ಗುಲು ಕೆಳಗೆ, ಕಾಗದದ ಕಡೆಗಿರಬೇಕು. ಮೇಲಾದರೆ ಎಡ ಬಲವಾಗುತ್ತದೆ. ಈ ಕೆಲಸ ಕಲಿಯುವವರು ಮೊದಲ ದಿನ ಮಾಡುವ ತಪ್ಪು. ನಾನು ಅದನ್ನು ನನ್ನ ತಮ್ಮನ ವಿಷಯದಲ್ಲಿ ಮಾಡಿದ್ದೇನೆ.

ಗಣಿ ಮುಚ್ಚಿದ ಮೇಲೆ ಸೆಲ್ವ ಬೋರ್‌ವೆಲ್ ಲಾರಿಯ ಜೊತೆ ಉತ್ತರಕ್ಕೆ ಹೋದ. ರಾಯಪುರದ ಆಚೆ ಎಲ್ಲೋ ಕಾಮಾಲೆಯಾಗಿ ಸತ್ತ. ಸುದ್ದಿ ಬಂದು ನಾನು ರೈಲಿನಲ್ಲಿ ಹೋಗುವಷ್ಟರಲ್ಲಿ ದೇಹ ಇಡುವ ಸ್ಥಿತಿಯಲ್ಲಿರಲಿಲ್ಲ. ಅಲ್ಲೇ ಸುಟ್ಟು, ಮಡಕೆ ಹಿಡಿದು ಬಂದೆ. ಅಮ್ಮ ಬಾಗಿಲಲ್ಲಿ ಕೇಳಿದಳು, "ಮಡಕೆ ತಂದಿದ್ಯಲ್ಲ, ಮಗ ಎಲ್ಲಿ?" ನಾನು ಎಲ್ಲ ವಿವರವಾಗಿ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ, ಎದ್ದು ಒಲೆಯ ಹತ್ತಿರ ಹೋದಳು.

ಹನ್ನೊಂದನೆಯ ದಿನಕ್ಕೆ ಫೋಟೋ ಬೇಕಿತ್ತು. ಅವಸರದಲ್ಲಿ ಬಚ್ಚಲಿಗೆ ಹೋಗಿ ಪ್ರಿಂಟ್ ಹಾಕಿದೆ. ಕಣ್ಣಲ್ಲಿ ನೀರು ತುಂಬಿತ್ತು, ಮಿನುಗು ಯಾವುದು ಮಂಕು ಯಾವುದು ಎಂದು ನೋಡಲಿಲ್ಲ. ಫೋಟೋ ಇಟ್ಟು ದೀಪ ಹಚ್ಚಿದ ಮೇಲೆ ಅಮ್ಮನನ್ನು ಕರೆತಂದು ಕೂರಿಸಿದೆವು. ಅವಳು ಬಹಳ ಹೊತ್ತು ನೋಡಿ, "ಅವನ್ ಇಲ್ಲೆ" ಅಂದಳು. ನೆಂಟರೆಲ್ಲ ಗೋಳೋ ಎಂದು ಅತ್ತರು.

ನಿನಗೆ ಇದನ್ನು ಬಿಡಿಸಿ ಹೇಳಬೇಕು. ನಿಮ್ಮ ಕನ್ನಡದಲ್ಲಿ ಅಲ್ಲ ಬೇರೆ, ಇಲ್ಲ ಬೇರೆ. ನಾವು ಮನೆಯಲ್ಲಿ ಆಡುವ ತಮಿಳಿನಲ್ಲಿ ಎರಡಕ್ಕೂ ಒಂದೇ, ಇಲ್ಲೆ. 'ಅವನು ಇನ್ನಿಲ್ಲ' ಅಂದರೂ ಅದೇ, 'ಇದು ಅವನಲ್ಲ' ಅಂದರೂ ಅದೇ. ತಾಯಿ ಒಪ್ಪಿಕೊಂಡಳು ಎಂದು ನಾವು ಅತ್ತೆವು. ಅಮ್ಮನ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಅಳು ನಿಂತ ಮೇಲೆ ಎದ್ದುನಿಂತು ಕೇಳಿದಳು, "ಯಾರ್ದೋ ಮನೆ ಸಾವಿಗೆ ನೀವೆಲ್ಲ ಯಾಕೆ ಅಳ್ತಿದ್ದೀರಿ?"

ಅಂದಿನಿಂದ ಅದೇ ಮಾತು. ವರ್ಷ ವರ್ಷ ತಿಥಿಗೆ ನನ್ನ ಹೆಂಡತಿ ರಾಧಾಮಣಿ ಎಡೆ ಇಡುತ್ತಾಳೆ, ಅಮ್ಮ ಆ ಕೋಣೆಗೇ ಬರುವುದಿಲ್ಲ. ಹೂವು ಇಡುವುದಿಲ್ಲ. ಐದು ವರ್ಷದ ಕೆಳಗೆ ಕಣ್ಣಿನ ಪೊರೆ ತೆಗೆಸಿದೆವು. ಈಗಲಾದರೂ ಗುರುತು ಹಿಡಿಯುತ್ತಾಳೆ ಎಂದು ಪಟ್ಟಿ ಬಿಚ್ಚಿದ ವಾರವೇ ಫೋಟೋ ಮುಂದೆ ನಿಲ್ಲಿಸಿದೆ. "ಈಗ ಚೆನ್ನಾಗಿ ಕಾಣ್ತೈತೆ. ಅದಕ್ಕೇ ಹೇಳ್ತಿರೋದು, ಇವನು ಅವನಲ್ಲ" ಅಂದಳು. ನಾನು ಆ ದಿನ ಅವಳ ಮೇಲೆ ಕೂಗಾಡಿದೆ. ಮುದುಕಿಯ ಹಟ ಅಂದೆ, ಬುದ್ಧಿ ಕೆಟ್ಟಿದೆ ಅಂದೆ. ರಾಧಾಮಣಿಯ ಎದುರಿಗೇ ಅಂದೆ.

ಸೆಲ್ವ ಚಿಕ್ಕವನಾಗಿದ್ದಾಗ ತಗಡಿನ ಮೇಲೆ ಕೂತು ಸೈನೈಡ್ ದಿಬ್ಬದಿಂದ ಜಾರಿ ಬಿದ್ದು ಎಡ ಹುಬ್ಬು ಸೀಳಿಕೊಂಡಿದ್ದ. ಅಮ್ಮ ತಿಂಗಳುಗಟ್ಟಲೆ ಎದುರು ಕೂರಿಸಿಕೊಂಡು ಅದಕ್ಕೆ ಅರಿಶಿನ ಹಚ್ಚಿದಳು. ಫೋಟೋದಲ್ಲಿ ಆ ಗಾಯದ ಗೆರೆ ಬಲ ಹುಬ್ಬಿನ ಮೇಲಿದೆ. ನನಗೆ ಯಾಕೆ ಗೊತ್ತಾಗಲಿಲ್ಲ ಎಂದು ಎರಡು ತಿಂಗಳಿಂದ ಯೋಚಿಸುತ್ತಿದ್ದೇನೆ. ಈಗ ಕಣ್ಣು ಮುಚ್ಚಿ ತಮ್ಮನನ್ನು ನೆನೆದರೆ ಬರುವುದು ಆ ಫೋಟೋದ ಮುಖವೇ. ನಿಜವಾದ ಮುಖ ಯಾವಾಗ ಹೋಯಿತೋ ತಿಳಿಯದು.

ಈಗ ನನ್ನ ಕಷ್ಟ ಕೇಳು. ಸರಿಯಾದ ಪ್ರಿಂಟ್ ಹಾಕಿಸುವುದು ಅರ್ಧ ಗಂಟೆಯ ಕೆಲಸ. ಅದನ್ನು ಗೋಡೆಗೆ ಹಾಕಿದರೆ ಅಮ್ಮ ಗುರುತಿಸುತ್ತಾಳೆ. ಗುರುತಿಸಿದರೆ ಅವಳ ಮಗ ಆ ದಿನ ಸಾಯುತ್ತಾನೆ. ಇಷ್ಟು ವರ್ಷ ನಾನು ತಪ್ಪಾಗಿ ಹಾಕಿದ್ದರಿಂದಲೇ ಅವನು ಅವಳಿಗೆ ಎಲ್ಲೋ ಇದ್ದಾನೆ. ಎಂಬತ್ತೆರಡರಲ್ಲಿ ಅವಳು ಅದನ್ನು ತಡೆದುಕೊಳ್ಳುತ್ತಾಳೆಯೆ? ಹಾಕದಿದ್ದರೆ ಅವಳನ್ನು ಹುಚ್ಚಿ ಎಂದದ್ದು ಹಾಗೇ ಉಳಿಯುತ್ತದೆ, ನಾನು ಸರಿ ಎಂದು ಉಳಿಯುತ್ತದೆ.

ರಾಧಾಮಣಿಗೂ ಹೇಳಿಲ್ಲ. ನಿನಗೆ ಮೊದಲು ಹೇಳುತ್ತಿದ್ದೇನೆ. ನೀರು ಬೆರೆಸದೆ ಹೇಳು. ಹಾಕಲೋ ಬೇಡವೋ?

ಪೆರುಮಾಳ್

*

ಸೀಗೇನಹಳ್ಳಿ
5 ಮಾರ್ಚ್ 2024

ಪೆರುಮಾಳ್ ಅಂಕಲ್,

ನಿಮ್ಮ ಪತ್ರವನ್ನು ಡೈರಿಯಲ್ಲೇ ಒಡೆದೆ, ಜನ ಸಾಲಿನಲ್ಲಿ ನಿಂತಿದ್ದರು. ಮಧ್ಯದಲ್ಲಿ ನಿಲ್ಲಿಸಲು ಆಗಲಿಲ್ಲ. ಆ ದಿನ ಯಾರ ಹಾಲಿನಲ್ಲಿ ಎಷ್ಟು ನೀರಿತ್ತೋ ನನಗೆ ಗೊತ್ತಿಲ್ಲ.

ಲೆಕ್ಕ ಸಮ ಆಯಿತು ಎಂದು ನಾನು ಬರೆದ ಸಾಲನ್ನು ನೆನೆದರೆ ನಾಚಿಕೆಯಾಗುತ್ತದೆ. ನನಗೆ ಗೊತ್ತಿರಲಿಲ್ಲ ಎನ್ನುವುದು ನಿಜ, ಆದರೂ ಆಗುತ್ತದೆ.

ಹಾಕಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ನಾನು ಆ ಮನೆಯಲ್ಲಿ ಇರುವವಳಲ್ಲ. ಆದರೆ ನೀವು ಚಿತ್ರ ಕಳಿಸಿದರೂ ಪತ್ರ ಕಳಿಸಿದರೂ ತಪ್ಪು ಒಂದು ಬರೆಯಲೇಬೇಕಲ್ಲ. ಬರೆಯುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಆ ಫೋಟೋ ಸರಿಯಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವರು ಇಷ್ಟು ವರ್ಷದಲ್ಲಿ ಒಬ್ಬರೇ. ಬಾಲಾಜಿ ನಿಮ್ಮನ್ನು ಗ್ರೂಪಿನಿಂದ ತೆಗೆದ ಹಾಗೆ ನೀವು ಅವರನ್ನು ತೆಗೆದಿರಿ. ಏನು ಸರಿಯಿಲ್ಲಮ್ಮ, ತೋರಿಸು ಎಂದು ಒಂದು ಸಲ ಕೇಳಿದ್ದರೆ ಬೆರಳಿಟ್ಟು ಹುಬ್ಬು ತೋರಿಸುತ್ತಿದ್ದರು.

ಅಜ್ಜಿಗೆ ಎಲ್ಲ ಹೇಳಿದೆ. ಈ ಸಲ ಅವಳು ನಗಲಿಲ್ಲ. ಎಲೆ ಅಡಿಕೆ ಚೀಲ ಮಡಿಚಿ ಇಟ್ಟು ಒಂದೇ ಮಾತು ಕೇಳಿದಳು. "ಆವಮ್ಮ ದಿನಾ ಬಾಗ್ಲು ನೋಡ್ತಾಳಾ? ಅದೊಂದ್ ಕೇಳಿ ಬರಿ."

ಬರೆದಿದ್ದೇನೆ.

ಕಲ್ಪನ

*

ಕೋರಮಂಡಲ್
2 ಮೇ 2024

ಅಮ್ಮಾ ಕಲ್ಪನ,

ನೋಡುತ್ತಾಳೆ.

ಬಂಗಾರಪೇಟೆ ಕಡೆಯಿಂದ ಸಂಜೆ ರೈಲು ಬರುವ ಮೊದಲು ಕುರ್ಚಿಯನ್ನು ತಾನೇ ಎಳೆದುಕೊಂಡು ಬಾಗಿಲಿಗೆ ಬರುತ್ತಾಳೆ. ಇಳಿದವರು ನಮ್ಮ ಲೈನಿನ, ಅಂದರೆ ಗಣಿ ಮನೆಗಳ ಸಾಲಿನ, ಮುಂದೆಯೇ ಹಾದುಹೋಗಬೇಕು. ಕೊನೆಯವನು ಹೋದ ಮೇಲೆ ಕುರ್ಚಿ ಒಳಗೆ ಎಳೆಯುತ್ತಾಳೆ. ಗಾಳಿಗೆ ಕೂರುತ್ತಾಳೆ ಎಂದುಕೊಂಡಿದ್ದೆ. ನಾನು ನಿನಗೆ ಕಳಿಸಿದ್ದು ಅದೇ ಚಿತ್ರ. ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಬರೆದಿದ್ದೆ.

ನೆಗೆಟಿವನ್ನು ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಕೊಂಡುಹೋದೆ. ಅಲ್ಲಿಯ ಹುಡುಗಿ ಕಂಪ್ಯೂಟರಿಗೆ ಹಾಕಿ, "ಇದು ಸರಿಯಾಗೈತಾ, ತಿರುಗಿಸ್ಬೇಕಾ?" ಎಂದು ಕೇಳಿ, ಒಂದು ಗುಂಡಿ ಒತ್ತಿ ಆಚೆ ಈಚೆ ಮಾಡಿ ತೋರಿಸಿದಳು. ಒತ್ತಿದರೆ ಸೆಲ್ವ, ಇನ್ನೊಮ್ಮೆ ಒತ್ತಿದರೆ ಗೋಡೆಯ ಮೇಲಿನವನು. ನಾನು ಅಲ್ಲೇ ಕೂತುಕೊಂಡೆ. ಅವಳು ನೀರು ಕೊಟ್ಟಳು.

ಪ್ರಿಂಟ್‌ಗೆ ಕಟ್ಟು ಹಾಕಿಸಿ, ಪೇಪರಿನಲ್ಲಿ ಸುತ್ತಿ ಬೀರುವಿನ ಹಿಂದೆ ಇಟ್ಟಿದ್ದೇನೆ. ತಿಥಿ ಜುಲೈನಲ್ಲಿ. ರಾಧಾಮಣಿಗೆ ಹೇಳಿದೆ. ಅವಳು ಎದ್ದು ಅತ್ತೆಯ ಹತ್ತಿರ ಹೋಗಿ ಕೂತಳು.

ಪೆರುಮಾಳ್

*

ಕೋರಮಂಡಲ್
26 ಜುಲೈ 2024

ಅಮ್ಮಾ ಕಲ್ಪನ,

ಮೊನ್ನೆ ತಿಥಿಯಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹಳೆಯ ಫೋಟೋ ಇಳಿಸಿ ಹೊಸದನ್ನು ಅದೇ ಮೊಳೆಗೆ ಹಾಕಿದೆ. ಹಾರ ಹಾಕಿದೆ. ಆಮೇಲೆ ಅಮ್ಮನ ಹತ್ತಿರ ಹೋಗಿ ಕಾಲ ಬಳಿ ಕೂತು ಹೇಳಿದೆ. ಅಮ್ಮಾ, ನೀನು ಹೇಳಿದ್ದು ಸರಿ, ಆ ಫೋಟೋ ಅವನದಾಗಿರಲಿಲ್ಲ, ನಾನು ತಪ್ಪು ಹಾಕಿದ್ದೆ, ಒಂದು ಸಲ ಬಂದು ನೋಡು. ಅವಳು ನನ್ನ ಮುಖ ನೋಡಿದಳು. "ಇವತ್ತು ಗೊತ್ತಾಯ್ತಾ?" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಕೈ ಹಿಡಿದು ಕರೆತಂದೆ. ಫೋಟೋದ ಮುಂದೆ ನಿಂತಳು. ಬಲಗೈ ಎತ್ತಿ ಗಾಜಿನ ಮೇಲೆ ಹುಬ್ಬಿನ ಗೆರೆಗೆ ಬೆರಳಿಟ್ಟಳು. ಅರಿಶಿನ ಹಚ್ಚುವಾಗ ಇಡುತ್ತಿದ್ದ ಹಾಗೇ ಇಟ್ಟಳು. ಆಮೇಲೆ ಹೇಳಿದಳು.

"ಅವನ್ ಇಲ್ಲೆ."

ಮತ್ತೆ ಅದೇ ಮಾತು. ನೆಗೆಟಿವನ್ನು ಮತ್ತೆ ತಪ್ಪು ಹಾಕಿಸಿದೆನೋ ಎಂದು ಒಂದು ಕ್ಷಣ ಜೇಬು ನೋಡಿದೆ. ಜೇಬು ಎಡಕ್ಕೇ ಇತ್ತು. ಇಷ್ಟಾದರೂ ಒಪ್ಪದಿದ್ದರೆ ಬೇಡ ಎಂದು ಫೋಟೋ ಇಳಿಸಲು ಕೈ ಹಾಕಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ಎಂಬತ್ತೆರಡು ದಾಟಿದವಳ ಹಿಡಿತವಲ್ಲ ಅದು.

"ಯಾವತ್ತು?" ಎಂದು ಕೇಳಿದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮತ್ತೆ ಕೇಳಿದಳು, "ಯಾವತ್ತು ಹೋದ? ಪಕ್ಕದಲ್ಲಿ ಯಾರಿದ್ರು? ಏನಾದ್ರೂ ಕೇಳಿದ್ನಾ?"

ಇಪ್ಪತ್ತೊಂದು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಯಾವ ವಾರ, ಯಾವ ಆಸ್ಪತ್ರೆ, ಜೊತೆಯಲ್ಲಿದ್ದ ಲಾರಿ ಡ್ರೈವರ್ ಏನು ಹೇಳಿದ, ಸೌದೆ ಹಸಿಯಿತ್ತು ಎನ್ನುವುದನ್ನೂ ಹೇಳಿದೆ. ಕೊನೆಗೆ ಅವನು ಮಜ್ಜಿಗೆ ಕೇಳಿದ್ದನಂತೆ. ಅದನ್ನು ಆಗ ಹೇಳಿರಲಿಲ್ಲ, ಈಗ ಹೇಳಿದೆ. ಅಮ್ಮ ಒಂದೊಂದನ್ನೂ ಕೇಳಿಸಿಕೊಂಡಳು. ಮಜ್ಜಿಗೆಯ ಮಾತಿಗೆ ಅವಳ ಬಾಯಿಂದ ಒಂದು ಕೂಗು ಬಂತು. ಅಕ್ಕಪಕ್ಕದ ಮನೆಯವರು ಓಡಿಬಂದರು. ಅದು ಇವತ್ತು ಸತ್ತವನಿಗೆ ಅಳುವ ಅಳು. ನಾನೂ ಅತ್ತೆ, ನಿನಗೆ ಹೇಳಲು ಏನು ನಾಚಿಕೆ.

ಮಧ್ಯಾಹ್ನ ಅವಳೇ ಎದ್ದು ಮಜ್ಜಿಗೆ ಕಡೆದು ಎಡೆಗೆ ಇಟ್ಟಳು.

ನಾನು ಸರಿ ಮಾಡಿದೆನೋ ತಪ್ಪು ಮಾಡಿದೆನೋ ನನಗೆ ಈಗಲೂ ಗೊತ್ತಿಲ್ಲ. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ಬಹಳ ಇಳಿದುಹೋಗಿದ್ದಾಳೆ. ನಿನ್ನೆ ಸಂಜೆ ರೈಲು ಕೂಗಿತು. ನಾನೂ ರಾಧಾಮಣಿಯೂ ಕುರ್ಚಿಯ ಕಡೆ ನೋಡುತ್ತ ನಿಂತೆವು. ಅಮ್ಮ ಕುರ್ಚಿಯನ್ನು ಬಾಗಿಲಿಗೆ ಎಳೆಯಲಿಲ್ಲ. ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು.

ಕ್ಯಾಮೆರಾ ತೆಗೆದುಕೊಳ್ಳಬಾರದು ಅಂದುಕೊಂಡೆ, ಆದರೂ ತೆಗೆದೆ. ಚಿತ್ರ ಇದರೊಂದಿಗಿದೆ. ಅಮ್ಮನ ಬೆನ್ನು, ಗೋಡೆ, ಅವನು. ಕಟ್ಟುಪಾಡು ಗೊತ್ತಲ್ಲ, ತಪ್ಪು ಒಂದಾದರೂ ಬರೆಯಲೇಬೇಕು.

ಪೆರುಮಾಳ್

*

ಸೀಗೇನಹಳ್ಳಿ
3 ಆಗಸ್ಟ್ 2024

ಅಂಕಲ್,

ಚಿತ್ರವನ್ನು ಡೈರಿಯ ಗೋಡೆಗೆ ಅಂಟಿಸಲಿಲ್ಲ. ಮನೆಯಲ್ಲಿ ಇಟ್ಟುಕೊಂಡು ಮೂರು ದಿನ ನೋಡಿದೆ. ಅಜ್ಜಿಯೂ ನೋಡಿದಳು. ನಿಮ್ಮ ಅಮ್ಮನನ್ನು ನೋಡಲು ಬರುತ್ತೇನೆ ಎನ್ನುತ್ತಿದ್ದಾಳೆ, ಭಾನುವಾರದ ರೈಲಿಗೆ ಕರೆತರುತ್ತೇನೆ. ಮಜ್ಜಿಗೆಗೆ ನಮ್ಮ ಮನೆಯ ಮೊಸರು ತರುತ್ತೇವೆ, ನೀರು ಬೆರೆಸದ್ದು.

ತಪ್ಪು ಒಂದಿದೆ. ಹಾರ ಒಂದು ಕಡೆ ಜಾರಿ ನಿಮ್ಮ ತಮ್ಮನವರ ಎಡ ಹುಬ್ಬನ್ನು ಮುಚ್ಚಿದೆ. ಸ್ವಲ್ಪ ಸರಿಸಿ. ಅಮ್ಮನಿಗೆ ಕಾಣಬೇಕಲ್ಲ.

ಕಲ್ಪನ